ಎರೆಯ ಬಯಲಿನ ಹಕ್ಕಿ

ಬಳ್ಳಾರಿ ನಗರದಿಂದ ಉತ್ತರಕ್ಕೆ ಪಯಣಿಸುವವರಿಗೆ ಎಡಗಡೆ ದೂರದಲ್ಲಿ ಕುರುಗೋಡಿನ ಬಂಡೆಗುಡ್ಡಗಳು ಕಾಣಿಸುತ್ತವೆ. ಗುಡ್ಡಗಳು ಹಿಂದೆ ಸರಿದಂತೆ ನೆಲ ಸಮತಟ್ಟಾಗುತ್ತದೆ, ಮಣ್ಣು ಕಪ್ಪೇರುತ್ತದೆ, ಮರಗಳು ವಿರಳವಾಗುತ್ತವೆ. ಇದೇ ಸಿರುಗುಪ್ಪದ ಎರೆಯ ಬಯಲು. ಬೇಸಗೆಯಲ್ಲಿ ಬಾಯಿಬಿಟ್ಟು ಒಣಗಿರುವ ಈ ನೆಲವನ್ನು ಕಂಡವರು ಇಲ್ಲಿ ಯಾವ ಜೀವಿ ತಾನೇ ಬಾಳೀತು ಎಂದುಕೊಳ್ಳಬಹುದು. ಆದರೆ ಭಾರತದ ಅತಿ ವಿರಳ ಪಕ್ಷಿಗಳಲ್ಲೊಂದು ಕರ್ನಾಟಕದಲ್ಲಿ ತನ್ನ ಕೊನೆಯ ನೆಲೆಯನ್ನು ಕಂಡುಕೊಂಡಿರುವುದು ಈ ಬಯಲಿನಲ್ಲಿಯೇ.

ಆ ಪಕ್ಷಿಯ ಹೆಸರು ಎರೆಭೂತ. ದೊರವಾಯನ ಹಕ್ಕಿ ಎಂದೂ ಅದನ್ನು ಕರೆಯುವುದುಂಟು. ಎರೆ ಎಂದರೆ ಕರಿಮಣ್ಣು. ಸುಮಾರು ಒಂದು ಮೀಟರು ಎತ್ತರದ, ಬಿಳಿಯ ಕೊರಳಿನ, ಕಪ್ಪು ನೆತ್ತಿಯ ಗಂಡುಹಕ್ಕಿ ಜನಸಂಚಾರವಿಲ್ಲದ ಹೊಲದ ನಡುವೆ ಥಟ್ಟನೆ ತಲೆಯೆತ್ತಿ ನಿಂತರೆ ಈ ಹೆಸರು ಒಪ್ಪುವಂಥದೇ ಎನಿಸುತ್ತದೆ. ಹದಿನೈದು ಕಿಲೋಗ್ರಾಂವರೆಗೆ ತೂಗಬಲ್ಲ ಇದು, ಹಾರಬಲ್ಲ ಪಕ್ಷಿಗಳಲ್ಲಿ ಅತ್ಯಂತ ಭಾರವಾದವುಗಳ ಸಾಲಿಗೆ ಸೇರಿದೆ. ಹೆಣ್ಣು ಗಾತ್ರದಲ್ಲಿ ಬಹಳ ಚಿಕ್ಕದು. ಮಿಡತೆ, ಜೀರುಂಡೆ, ಓತಿಕ್ಯಾತ, ಕಾಳು, ಬೋರೆಹಣ್ಣು ಇವೆಲ್ಲವೂ ಇದರ ಆಹಾರ. ಬೆಳೆ ತಿನ್ನುವ ಕೀಟಗಳನ್ನು ಹೆಕ್ಕುವುದರಿಂದ ಒಕ್ಕಲಿಗನಿಗೆ ಇದು ಮಿತ್ರನೇ ಸರಿ.

ಸಂತಾನಕಾಲದಲ್ಲಿ ಗಂಡು ತನ್ನ ಕೊರಳ ಚೀಲವನ್ನು ಗಾಳಿಯಿಂದ ಉಬ್ಬಿಸಿ, ಬಾಲವನ್ನು ಮೇಲೆತ್ತಿ, ಗಂಭೀರವಾಗಿ ಹೂಂಕರಿಸುತ್ತದೆ. ಆ ದನಿ ಅರ್ಧ ಕಿಲೋಮೀಟರು ದೂರದವರೆಗೂ ಕೇಳಿಸಬಲ್ಲದು. ಗೂಡು ಕಟ್ಟುವ ಗೊಡವೆ ಈ ಹಕ್ಕಿಗಿಲ್ಲ. ಹೆಣ್ಣು ಬರಿಯ ನೆಲದ ಮೇಲೆ ಒಂದೇ ಒಂದು ಮೊಟ್ಟೆಯಿಟ್ಟು, ಸುಮಾರು ಇಪ್ಪತ್ತೇಳು ದಿನ ಒಂಟಿಯಾಗಿಯೇ ಕಾವು ಕೊಡುತ್ತದೆ. ಎರಡು ಮೊಟ್ಟೆಗಳು ಕಾಣುವುದು ಅಪರೂಪ. ನಾಯಿ, ನರಿ, ಕಾಗೆಗಳ ಕಣ್ಣಿಗೆ ಆ ಮೊಟ್ಟೆ ಬಿತ್ತೆಂದರೆ ತಾಯಿಯ ಶ್ರಮವೆಲ್ಲ ವ್ಯರ್ಥ. ಇಷ್ಟು ನಿಧಾನವಾಗಿ ವೃದ್ಧಿಸುವ ಜೀವಿ ಒಮ್ಮೆ ಕುಗ್ಗಿತೆಂದರೆ ಮತ್ತೆ ಚೇತರಿಸಿಕೊಳ್ಳುವುದು ಬಲು ಕಷ್ಟ.

ಕುಗ್ಗಿಸುವ ಕೆಲಸವನ್ನು ಮೊದಲು ಮಾಡಿದ್ದು ಬಂದೂಕು. 1809ರಿಂದ 1829ರವರೆಗೆ ಅಹಮದ್‌ನಗರ ಜಿಲ್ಲೆಯಲ್ಲಿ ಒಬ್ಬನೇ ಬ್ರಿಟಿಷ್ ಬೇಟೆಗಾರ 961 ಎರೆಭೂತಗಳನ್ನು ಹೊಡೆದುರುಳಿಸಿದನೆಂಬ ದಾಖಲೆಯಿದೆ. 1969ರ ವೇಳೆಗೆ ಇಡೀ ದೇಶದಲ್ಲಿ ಉಳಿದಿದ್ದ ಹಕ್ಕಿಗಳ ಸಂಖ್ಯೆಯನ್ನು ಸುಮಾರು 1260 ಎಂದು ಅಂದಾಜು ಮಾಡಲಾಯಿತು. ಅಂದರೆ, ಒಬ್ಬ ಬೇಟೆಗಾರ ಕೊಂದ ಹಕ್ಕಿಗಳಿಗೂ ದೇಶದಲ್ಲಿ ಉಳಿದವುಗಳಿಗೂ ಹೆಚ್ಚಿನ ಅಂತರವಿರಲಿಲ್ಲ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದರ ಬೇಟೆಯನ್ನು ನಿಷೇಧಿಸಿತು. ಆದರೂ ಇಳಿಕೆ ನಿಲ್ಲಲಿಲ್ಲ. 2018ರ ಸುಮಾರಿಗೆ ದೇಶದಲ್ಲಿ ಉಳಿದಿದ್ದವು ನೂರೈವತ್ತರಷ್ಟು ಮಾತ್ರ. ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಮರುಭೂಮಿಯಲ್ಲಿದ್ದವು. ಕರ್ನಾಟಕದವನ್ನು ಬೆರಳೆಣಿಕೆಯಲ್ಲಿ ಹೇಳಿ ಮುಗಿಸಬಹುದಾಗಿತ್ತು.

ಬೇಟೆ ನಿಂತ ಮೇಲೂ ಹಕ್ಕಿ ಅಳಿಯುತ್ತಿರುವುದೇಕೆ? ನೆಲದ ಸ್ವರೂಪವೇ ಬದಲಾದುದು ಇದಕ್ಕೆ ಮುಖ್ಯ ಕಾರಣ. ರಾಣೆಬೆನ್ನೂರಿನ ನಿದರ್ಶನವನ್ನು ನೋಡಬಹುದು. ಕೃಷ್ಣಮೃಗಗಳಿಗಾಗಿ 1974ರಲ್ಲಿ ಅಲ್ಲಿ ಅಭಯಾರಣ್ಯ ಏರ್ಪಟ್ಟಿತು, ಎರೆಭೂತಗಳೂ ಅಲ್ಲಿದ್ದವು. ಆದರೆ ಆ ಪ್ರದೇಶದ ಹುಲ್ಲುಗಾವಲಿನ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ಗಿಡ ನೆಡುವುದು ಪುಣ್ಯಕಾರ್ಯವೆಂದು ತಿಳಿದವರಿಗೆ ಇದು ವಿಚಿತ್ರವೆನಿಸಬಹುದು. ನಾಲ್ಕೂ ದಿಕ್ಕಿಗೆ ದೃಷ್ಟಿ ಹರಿಸಿ ಶತ್ರುವನ್ನು ದೂರದಿಂದಲೇ ಗುರುತಿಸುವ ಹಕ್ಕಿಗೆ ದಟ್ಟವಾದ ತೋಪು ಗೋಡೆಯಿದ್ದಂತೆ. ಎರೆಭೂತ ಅಲ್ಲಿಂದ ಕಣ್ಮರೆಯಾಯಿತು.

ಸಿರುಗುಪ್ಪದ ಕಥೆ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಹರಿಯಿತು. ಬರಗಾಲದ ಬವಣೆಯನ್ನು ತಲೆಮಾರುಗಳಿಂದ ಉಂಡಿದ್ದ ಸೀಮೆ ಭತ್ತದ ಕಣಜವಾಯಿತು. ಅದರಿಂದ ಸಾವಿರಾರು ಕುಟುಂಬಗಳು ಉಂಡುಟ್ಟು ಬದುಕಿದವು. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೆಸರುಗದ್ದೆಯಲ್ಲಿ ಎರೆಭೂತ ಮೊಟ್ಟೆಯಿಡಲಾರದು. ಕಾಲುವೆಯ ನೀರು ತಲುಪದ, ಜೋಳ, ಕಡಲೆ, ಹತ್ತಿ, ಕೊತ್ತಂಬರಿ ಬೆಳೆಯುವ ಮಳೆಯಾಶ್ರಿತ ಹೊಲಗಳಷ್ಟೇ ಅದರ ಪಾಲಿಗೆ ಉಳಿದವು. ಭತ್ತದ ಹಸುರಿನ ನಡುವೆ ಆ ಹೊಲಗಳು ಕಡಲಿನ ನಡುವಣ ದ್ವೀಪಗಳಂತಿವೆ.

ಇದರ ಜೊತೆಗೆ ವಿದ್ಯುತ್ ತಂತಿಗಳ ಕಂಟಕವೂ ಇದೆ. ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ಈ ಹಕ್ಕಿಗೆ ಎದುರಿನ ತಂತಿ ಸರಿಯಾಗಿ ಕಾಣದು. ಕಂಡರೂ ಭಾರವಾದ ದೇಹವನ್ನು ಚಟ್ಟನೆ ಹೊರಳಿಸಲಾಗದು. ರಾಜಸ್ಥಾನದಲ್ಲಿ ತಂತಿಗೆ ಬಡಿದು ಸತ್ತವು ಹಲವು. ಅಲ್ಲಿನ ಜೈಸಲ್ಮೇರ್ ಜಿಲ್ಲೆಯಲ್ಲಿ 2019ರಿಂದ ಬಯಲಿನ ಮೊಟ್ಟೆಗಳನ್ನು ತಂದು ಕೃತಕ ಕಾವಿನಿಂದ ಮರಿಮಾಡಿಸುವ ಕಾರ್ಯ ಆರಂಭವಾಯಿತು. ಕೇಂದ್ರದಲ್ಲಿ ಬೆಳೆದ ಹಕ್ಕಿಗಳು ಮುಂದೆ ತಾವೇ ಮೊಟ್ಟೆಯಿಟ್ಟವು. ಆದರೆ ಹೀಗೆ ಬೆಳೆಸಿದ ಹಕ್ಕಿಯನ್ನು ಬಿಡಲು ತಕ್ಕ ಬಯಲು ಬೇಕಲ್ಲವೆ?

ಸಿರುಗುಪ್ಪದ ಬಯಲು ಹೆಚ್ಚಾಗಿ ರೈತರ ಸ್ವಂತ ಹೊಲ. ಬೇಲಿ ಹಾಕಿ ಕಾಯಬಹುದಾದ ಕಾಡಲ್ಲ. ಹಿಂಗಾರಿಯಲ್ಲಿ ಬಿತ್ತುವ ಹೊಲವನ್ನು ರೈತ ಮುಂಗಾರಿನಲ್ಲಿ ಬೀಳುಬಿಟ್ಟು, ಕಳೆ ಬೆಳೆಯದಂತೆ ಆಗಾಗ ಕುಂಟೆ ಹೊಡೆಯುತ್ತಾನೆ. ಎರೆಭೂತ ಮೊಟ್ಟೆಯಿಡುವುದೂ ಆ ದಿನಗಳಲ್ಲಿಯೇ. ಮೊಟ್ಟೆಯ ಬಣ್ಣ ಮಣ್ಣಿನ ಬಣ್ಣದೊಂದಿಗೆ ಬೆರೆತುಹೋಗುತ್ತದೆ. ತಾಯಿಹಕ್ಕಿಯೂ ಅಲುಗಾಡದೆ ಕುಳಿತಿರುತ್ತದೆ. ಕುಂಟೆ ಹತ್ತಿರ ಬಂದು ಅದು ಎದ್ದು ಓಡಿದಾಗಲೇ ಅಲ್ಲೊಂದು ಮೊಟ್ಟೆಯಿದೆಯೆಂಬುದು ರೈತನಿಗೆ ತಿಳಿಯುವುದು. ಆ ಕ್ಷಣದಲ್ಲಿ ಎತ್ತುಗಳನ್ನು ನಿಲ್ಲಿಸಿ, ನಾಲ್ಕು ಮಾರು ನೆಲವನ್ನು ಹಾಗೆಯೇ ಬಿಟ್ಟು ಮುಂದೆ ಸಾಗಬೇಕಾದವನು ಅವನೇ.