ಪೊದೆಯ ನೆರಳಿನಲ್ಲಿ ಎಲೀಯನು: ಸಂಕಟಕಾಲದ ಅಂತರ್ಯದ ಬಲವನ್ನು ಕುರಿತು

ಮರಣ ಸಂಭವಿಸಿದ ಮನೆಗೆ ಹೋದಾಗಲೂ, ಬೆಳೆ ಕೈಕೊಟ್ಟ ರೈತನ ಅಂಗಳದಲ್ಲಿ ಕುಳಿತಾಗಲೂ, ರೋಗಿಯ ಹಾಸಿಗೆಯ ಬಳಿ ನಿಂತಾಗಲೂ ಸಭಾಪಾಲಕರಾದ ನಮ್ಮ ನಾಲಿಗೆಗೆ ಮೊದಲು ಬರುವ ಮಾತು 'ಧೈರ್ಯ ತಂದುಕೊಳ್ಳಿ' ಎಂಬುದೇ. ಈ ಕ್ರಿಯಾಪದವನ್ನು ಕೊಂಚ ನಿಂತು ಗಮನಿಸಬೇಕು. ತರುವುದಕ್ಕೆ ತರುವ ಸ್ಥಳವೊಂದು ಇರಬೇಕಲ್ಲವೇ? ಧೈರ್ಯವನ್ನು ಎಲ್ಲಿಂದ ತರುವುದು? ದುಃಖದಲ್ಲಿರುವವರು ಈ ಪ್ರಶ್ನೆಯನ್ನು ನಮಗೆ ಹಾಕುವುದು ಅಪರೂಪ. ಮರ್ಯಾದೆಗಾಗಿ ತಲೆಯಾಡಿಸಿ ಸುಮ್ಮನಾಗುತ್ತಾರೆ. ಸಂಕಟವು ನಮ್ಮದೇ ಬಾಗಿಲಿಗೆ ಬಂದಾಗ ಮಾತ್ರ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಅಂತರ್ಯದ ಬಲವೆಂಬುದು ಪ್ರತಿಯೊಬ್ಬನ ಒಳಗೂ ಅಡಗಿರುವ ನಿಧಿ, ಅಗೆದರೆ ಸಿಗುತ್ತದೆ ಎಂಬ ಬೋಧನೆ ಈಗ ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ನಮ್ಮ ವೇದಪೀಠಗಳಿಂದಲೂ ಬೇರೆ ಉಡುಪಿನಲ್ಲಿ ಕೇಳಿಬರುತ್ತದೆ. ವಿಶ್ವಾಸವಿದ್ದವನು ಕುಗ್ಗುವುದಿಲ್ಲ, ಕುಗ್ಗಿದವನ ಪ್ರಾರ್ಥನೆಯಲ್ಲಿ ಏನೋ ಕೊರತೆಯಿದೆ ಎಂಬುದು ಅದರ ಭಕ್ತಿಪೂರ್ವಕ ರೂಪ. ಈ ಬೋಧನೆಯು ಸತ್ಯವೇದದ ಸಾಕ್ಷ್ಯಕ್ಕೆ ಹೊಂದುತ್ತದೆಯೇ ಎಂಬುದನ್ನು ಅರಸುಗಳು ಮೊದಲನೆಯ ಭಾಗದ 19ನೆಯ ಅಧ್ಯಾಯದ ಮುಂದಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಬಹುಪರಿಚಿತ ಅಧ್ಯಾಯವಾದ್ದರಿಂದಲೇ ಅದನ್ನು ನಾವು ನಿಧಾನವಾಗಿ ಓದುವುದು ಕಡಿಮೆ.

ಸಂದರ್ಭವನ್ನು ನೆನಪಿಸಿಕೊಳ್ಳೋಣ. ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಬಿದ್ದಿದೆ, ಬರಗಾಲ ಮುಗಿದು ಮಳೆ ಬಂದಿದೆ, ಯೆಹೋವನ ಹಸ್ತವು ಎಲೀಯನ ಮೇಲಿದ್ದು ಅವನು ಅಹಾಬನ ರಥದ ಮುಂದೆ ಇಜ್ರೇಲಿನ ತನಕ ಓಡಿದ್ದಾನೆ. ಆಗ ಈಜೆಬೆಲಳ ಬೆದರಿಕೆ ಬರುತ್ತದೆ. ಮುಂದಿನ ವಚನದ ಮೊದಲ ಕ್ರಿಯಾಪದದಲ್ಲಿಯೇ ಒಂದು ಪಾಠಭೇದವಿದೆ. ಸ್ವರಚಿಹ್ನೆಗಳಿಲ್ಲದ ಹೀಬ್ರೂ ಅಕ್ಷರಗಳನ್ನು 'ನೋಡಿದನು' ಎಂದೂ 'ಭಯಪಟ್ಟನು' ಎಂದೂ ಓದಬಹುದು. ಮಸೋರಾ ಪಾಠವು ಮೊದಲನೆಯದನ್ನು, ಸೆಪ್ಟುಅಜಿಂಟ್ ಎರಡನೆಯದನ್ನು ಹಿಡಿದಿವೆ. ಅಷ್ಟು ದೊಡ್ಡ ಪ್ರವಾದಿ ಭಯಪಟ್ಟನೆಂದು ಹೇಳಲು ಮಸೋರಾ ಪಂಡಿತರು ಹಿಂಜರಿದಿರಬಹುದು. ನಮ್ಮ ಮಟ್ಟಿಗೆ ಎರಡೂ ಒಂದೇ ಕಡೆಗೆ ಒಯ್ಯುತ್ತವೆ. ಪರಿಸ್ಥಿತಿಯನ್ನು ಸರಿಯಾಗಿ ನೋಡಿದವನು ಭಯಪಡುವುದರಲ್ಲಿ ಆಶ್ಚರ್ಯವಿಲ್ಲ.

ಇಜ್ರೇಲಿನಿಂದ ಬೇರ್ಷೆಬಕ್ಕೆ ನೂರೈವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿ. ಅಷ್ಟು ದೂರ ಜೊತೆಗೆ ಬಂದ ಸೇವಕನನ್ನು ಎಲೀಯನು ಅಲ್ಲಿಯೇ ಬಿಡುತ್ತಾನೆ. ಓದುವಾಗ ನಮ್ಮ ಕಣ್ಣು ಜಾರಿಹೋಗುವ ಮಾತು ಇದು. ಕುಸಿಯುತ್ತಿರುವ ಮನುಷ್ಯನು ಮಾಡುವ ಮೊದಲ ಕೆಲಸ ಜೊತೆಯಲ್ಲಿರುವವನನ್ನು ಹಿಂದೆ ಬಿಡುವುದು. ಅನಂತರ ಒಂದು ದಿನದ ಪ್ರಯಾಣ, ರೋತೆಮ್ ಎಂಬ ಮರುಭೂಮಿಯ ಪೊದೆ, ಅದರ ತೆಳುವಾದ ನೆರಳು. ಹೀಬ್ರೂವಿನ 'ನೆಫೆಷ್' ಎಂಬ ಪದ ಇಲ್ಲಿ ವಿಚಿತ್ರವಾಗಿ ತಿರುಗುತ್ತದೆ: ತನ್ನ ನೆಫೆಷಿಗಾಗಿ, ಅಂದರೆ ಪ್ರಾಣಕ್ಕಾಗಿ, ಓಡಿಬಂದವನು ಅದೇ ನೆಫೆಷಿಗೆ ಮರಣವನ್ನು ಕೇಳಿಕೊಳ್ಳುತ್ತಾನೆ. ಯೋನನ ಗ್ರಂಥದ 4ನೆಯ ಅಧ್ಯಾಯದಲ್ಲಿಯೂ ಇದೇ ಪದಪ್ರಯೋಗವಿದೆ. ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ ಮೋಶೆಯೂ ತನ್ನನ್ನು ಕೊಂದುಬಿಡು ಎಂದು ದೇವರನ್ನು ಬೇಡಿದನು. ಯೆರೆಮೀಯನು ತಾನು ಹುಟ್ಟಿದ ದಿನವನ್ನು ಶಪಿಸಿದನು. ದೇವರ ಸೇವೆಯಲ್ಲಿ ಬಹುದೂರ ನಡೆದವರ ಬಾಯಿಂದಲೇ ಈ ಪ್ರಾರ್ಥನೆಗಳು ಬಂದಿವೆ. ಸತ್ಯವೇದವು ಅವುಗಳನ್ನು ಮರೆಮಾಚಿಲ್ಲ.

ಎಲೀಯನ ಪ್ರಾರ್ಥನೆ 'ರವ್' ಎಂಬ ಚಿಕ್ಕ ಪದದಿಂದ ಆರಂಭವಾಗುತ್ತದೆ. ಸಾಕು, ಅತಿಯಾಯಿತು ಎಂದು ಅದರ ಭಾವ. ಅವನು ಮಲಗಿ ನಿದ್ರೆಹೋಗುತ್ತಾನೆ. ದೇವದೂತನು ಬಂದು ಅವನನ್ನು ತಟ್ಟಿ ಎಬ್ಬಿಸಿ ಊಟಮಾಡಲು ಹೇಳುತ್ತಾನೆ. ಕಾದ ಕಲ್ಲುಗಳ ಮೇಲೆ ಸುಟ್ಟ ರೊಟ್ಟಿ, ತಲೆಯ ಬಳಿ ತಂಬಿಗೆಯಲ್ಲಿ ನೀರು. (ಆ ಕಾದ ಕಲ್ಲುಗಳಿಗೆ ಬಳಸಿದ ಪದವೂ ಯೆಶಾಯನ ತುಟಿಗೆ ಮುಟ್ಟಿಸಿದ ಕೆಂಡದ ಪದವೂ ಒಂದೇ ಕುಟುಂಬದವು. ಒಬ್ಬ ಪ್ರವಾದಿಗೆ ಕೆಂಡದಿಂದ ಶುದ್ಧೀಕರಣ, ಇನ್ನೊಬ್ಬನಿಗೆ ರೊಟ್ಟಿ.) ಎಲೀಯನು ತಿಂದು ಕುಡಿದು ಪುನಃ ಮಲಗುತ್ತಾನೆ. ದೂತನು ಅದಕ್ಕೂ ಗದರಿಸುವುದಿಲ್ಲ. ಎರಡನೆಯ ಸಲ ಬಂದಾಗ, ದಾರಿಯು ಅವನ ಶಕ್ತಿಗೆ ಮೀರಿದ್ದೆಂದು ಹೇಳುತ್ತಾನೆ. ಅಲ್ಲಿ 'ಮೀರಿದ್ದು' ಎಂಬ ಅರ್ಥಕ್ಕೆ ಬಳಸಿರುವ ಪದವೂ 'ರವ್'.

ಈ ಪುನರುಕ್ತಿಯೇ ಅಧ್ಯಾಯದ ಕೀಲಿಯೆಂದು ನಮ್ಮ ಅಭಿಪ್ರಾಯ. ಅತಿಯಾಯಿತು ಎಂದು ಪ್ರವಾದಿ ಹೇಳಿದನು. ಹೌದು, ನಿನಗೆ ಅತಿಯಾಗಿದೆ ಎಂದು ಪರಲೋಕವು ಒಪ್ಪಿಕೊಂಡಿತು. ಅವನ ವಿಶ್ವಾಸದ ಅಳತೆಯನ್ನು ಯಾರೂ ತೆಗೆಯಲಿಲ್ಲ. ಕರ್ಮೆಲಿನ ಜಯವನ್ನು ನೆನಪಿಸಿ ನಾಚಿಕೆಪಡಿಸಲಿಲ್ಲ. ಅವನ ಮಾತನ್ನೇ ತೆಗೆದುಕೊಂಡು, ಮರಣದ ಕಡೆಗೆ ತಿರುಗಿದ್ದ ಆ ಮಾತನ್ನು ರೊಟ್ಟಿಯ ಕಡೆಗೆ ತಿರುಗಿಸಲಾಯಿತು.

ಇನ್ನೊಂದು ಅಂಶ. ಆ ಆಹಾರದ 'ಕೋಅಹ್'ನಿಂದ, ಅಂದರೆ ಬಲದಿಂದ, ಅವನು ನಾಲ್ವತ್ತು ದಿನ ಹಗಲಿರುಳು ನಡೆದು ಹೋರೇಬನ್ನು ಮುಟ್ಟಿದನೆಂದು 8ನೆಯ ವಚನ ಹೇಳುತ್ತದೆ. ಬಲವೆಂಬ ಮಾತು ಎಲೀಯನಿಗೆ ಸಂಬಂಧಿಸಿದಂತೆ ಇಲ್ಲಿ ಬರುವುದು ಆಹಾರದ ಬಲವಾಗಿಯೇ, ಅವನ ಸ್ವಂತದ್ದಾಗಿ ಅಲ್ಲ. ಮುಂದೆ ಬೆಟ್ಟದಲ್ಲಿ ಬಲವಾದದ್ದು ಇನ್ನೊಂದು ಕಾಣಿಸಿಕೊಳ್ಳುತ್ತದೆ: ಬಂಡೆಗಳನ್ನು ಸೀಳುವ ಮಹಾಗಾಳಿ. ಯೆಹೋವನು ಆ ಗಾಳಿಯಲ್ಲಿರಲಿಲ್ಲ. ಕಡೆಗೆ ಬಂದ ಶಬ್ದವನ್ನು ವರ್ಣಿಸುವ 'ದಕ್ಕಾ' ಎಂಬ ಪದಕ್ಕೆ ತೆಳುವಾದದ್ದು, ನುಣುಪಾಗಿ ಪುಡಿಯಾದದ್ದು ಎಂದು ಅರ್ಥ. ವಿಮೋಚನಕಾಂಡ 16ರಲ್ಲಿ ನೆಲದ ಮೇಲೆ ಹಿಮದಂತೆ ಬಿದ್ದಿದ್ದ ಮನ್ನವನ್ನು ವರ್ಣಿಸುವುದೂ ಇದೇ ಪದದಿಂದ.

ಈಗ ಪ್ರಸಂಗಿಗಳಾದ ನಾವು ಸಾಮಾನ್ಯವಾಗಿ ಎಡವುವ ಸ್ಥಳಕ್ಕೆ ಬರುತ್ತೇವೆ. ಮೃದುವಾದ ಆ ಶಬ್ದವನ್ನು ಕೇಳಿದ ಕೂಡಲೆ ಎಲೀಯನ ಮನಸ್ಸು ಹಗುರವಾಯಿತೆಂದು ನಾವು ಸಾರುತ್ತೇವೆ. ಗ್ರಂಥಪಾಠವು ಹಾಗೆ ಹೇಳುವುದಿಲ್ಲ. ಶಬ್ದಕ್ಕೆ ಮುಂಚೆ, 10ನೆಯ ವಚನದಲ್ಲಿ, ಅವನು ಹೇಳಿದ ದೂರು ಯಾವುದೋ ಅದನ್ನೇ ಶಬ್ದವಾದ ಮೇಲೆ 14ನೆಯ ವಚನದಲ್ಲಿ ಚಾಚೂ ತಪ್ಪದೆ ಪುನಃ ಹೇಳುತ್ತಾನೆ. ತಾನೊಬ್ಬನೇ ಉಳಿದಿದ್ದೇನೆಂಬ ಭಾವ ಕರಗಿಲ್ಲ. ದೇವರ ಸನ್ನಿಧಾನದ ಅನುಭವವೂ ಅದನ್ನು ತತ್‍ಕ್ಷಣ ಕರಗಿಸಲಿಲ್ಲ. ದೇವರೋ ಅದೇ ದೂರನ್ನು ಎರಡು ಸಲ ಪೂರ್ತಿಯಾಗಿ ಕೇಳಿಸಿಕೊಳ್ಳುತ್ತಾನೆ. ಒಂದೇ ದುಃಖವನ್ನು ಹತ್ತನೆಯ ಸಲ ಹೇಳುತ್ತಿರುವ ವಿಧವೆಯ ಎದುರು ಗಡಿಯಾರ ನೋಡಿದ ಅಭ್ಯಾಸವಿರುವ ನಮಗೆ ಈ ಎರಡು ವಚನಗಳು ಸಾಕಷ್ಟು ಪಾಠ ಹೇಳುತ್ತವೆ.

ಹಾಗಾದರೆ ಬಲ ಬಂದದ್ದು ಯಾವಾಗ? ಭಾವನೆ ಬದಲಾದ ಕ್ಷಣವನ್ನು ಹುಡುಕಿದರೆ ಉತ್ತರ ಸಿಗದು. ಭಾವನೆ ಬದಲಾಗದಿದ್ದರೂ ಅವನಿಗೆ ಹೋಗಲು ಒಂದು ದಾರಿ, ಮಾಡಲು ಕೆಲಸ, ಕೂಡಿ ನಡೆಯಲು ಒಬ್ಬ ಮನುಷ್ಯ ಮತ್ತು ಕಣ್ಣಿಗೆ ಕಾಣದಿದ್ದ ಏಳು ಸಾವಿರ ಮಂದಿಯ ಸುದ್ದಿ ಕೊಡಲ್ಪಟ್ಟವು. ಮೋಶೆಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಅವನ ಮರಣದ ಬೇಡಿಕೆಗೆ ದೇವರು ಕೊಟ್ಟ ಉತ್ತರವು ಭಾರ ಹೊರಲು ಎಪ್ಪತ್ತು ಮಂದಿ ಹಿರಿಯರು.

ಇದು ಹಳೆಯ ಒಡಂಬಡಿಕೆಯ ರೀತಿ, ಅಪೊಸ್ತಲನಾದ ಪೌಲನಾದರೋ 'ಒಳಗಣ ಮನುಷ್ಯ'ನನ್ನು ಕುರಿತು ಮಾತಾಡುತ್ತಾನಲ್ಲವೇ ಎಂದು ಕೇಳಬಹುದು. ಮಾತಾಡುತ್ತಾನೆ, ಆದರೆ ಆ ಸ್ಥಳಗಳ ವ್ಯಾಕರಣವನ್ನು ನೋಡಬೇಕು. 2 ಕೊರಿಂಥ 4:16ರಲ್ಲಿ ಒಳಗಣ ಮನುಷ್ಯನು ದಿನೇದಿನೇ 'ನೂತನಗೊಳಿಸಲ್ಪಡುತ್ತಾನೆ'. ಎಫೆಸ 3:16ರಲ್ಲಿ ಆತ್ಮನ ಮೂಲಕ 'ಬಲಪಡಿಸಲ್ಪಡಬೇಕು' ಎಂಬುದು ಪ್ರಾರ್ಥನೆ. ಎರಡೂ ಕರ್ಮಣಿ ಪ್ರಯೋಗಗಳು. ಒಳಗಣ ಮನುಷ್ಯನು ಬಲದ ಬುಗ್ಗೆಯಲ್ಲ, ಬಲವನ್ನು ಪಡೆಯುವ ಪಾತ್ರೆ. ಎಫೆಸದವರಿಗೆ ಬರೆದ ಆ ಪ್ರಾರ್ಥನೆ ಎರಡು ವಚನಗಳಾಚೆ, ಕ್ರಿಸ್ತನ ಪ್ರೀತಿಯನ್ನು ದೇವಜನರೆಲ್ಲರೊಂದಿಗೆ ಗ್ರಹಿಸುವ ಮಾತಿಗೆ ಬರುತ್ತದೆ. ಒಬ್ಬಂಟಿಯಾಗಿ ಗ್ರಹಿಸುವ ಮಾತು ಅಲ್ಲಿಲ್ಲ. ಪೌಲನು ತನ್ನ ಸ್ವಂತ ಒಳಗನ್ನು ತೆರೆದು ತೋರಿಸುವ ಸ್ಥಳವೊಂದಿದೆ, 2 ಕೊರಿಂಥ 7:5. ಮಕೆದೋನ್ಯಕ್ಕೆ ಬಂದಾಗ ಹೊರಗೆ ಜಗಳಗಳು, ಒಳಗೆ ಭಯಗಳು ಇದ್ದವೆಂದು ಅವನು ಒಪ್ಪಿಕೊಳ್ಳುತ್ತಾನೆ. ಅಪೊಸ್ತಲನು ಒಳಗೆ ಅಗೆದಾಗ ಸಿಕ್ಕಿದ್ದು ಭಯ. ದೇವರು ಅವನನ್ನು ಸಂತೈಸಿದ್ದು ಹೇಗೆ? ಮರುವಚನ ಹೇಳುತ್ತದೆ: ತೀತನ ಬರುವಿಕೆಯಿಂದ. ದಾರಿಯ ಧೂಳು ಮೆತ್ತಿದ ಒಬ್ಬ ಜೊತೆಗೆಲಸದವನು ಕೊರಿಂಥದ ಸುದ್ದಿ ಹೊತ್ತು ಬಂದನು, ಅಷ್ಟೇ.

ಗೆತ್ಸೇಮನೆಯ ವಿಷಯವನ್ನು ಇಲ್ಲಿ ಸೂಚಿಸಿ ಮುಂದುವರಿಯುತ್ತೇವೆ. ಕರ್ತನು ಮೂವರನ್ನು ತನ್ನೊಂದಿಗೆ ಎಚ್ಚರವಾಗಿರಲು ಕೇಳಿಕೊಂಡನು. ಲೂಕ 22:43-44ರ ಪ್ರಕಾರ (ಪ್ರಾಚೀನ ಹಸ್ತಪ್ರತಿಗಳಲ್ಲಿ ಕೆಲವು ಈ ವಚನಗಳನ್ನು ಹೊಂದಿಲ್ಲವೆಂಬುದು ವಿದ್ಯಾರ್ಥಿಗಳಿಗೆ ತಿಳಿದದ್ದೇ) ದೂತನೊಬ್ಬನು ಅವನನ್ನು ಬಲಪಡಿಸಿದ ಮೇಲೆ ಮನೋವ್ಯಥೆ ಇನ್ನೂ ತೀವ್ರವಾಯಿತು, ಬೆವರು ನೆಲಕ್ಕೆ ಬಿದ್ದಿತು. ಬಲಹೊಂದುವುದೆಂದರೆ ನೋವು ಇಳಿಯುವುದು ಎಂಬ ನಮ್ಮ ಲೆಕ್ಕವನ್ನು ಈ ಕ್ರಮವು ಒಪ್ಪುವುದಿಲ್ಲ.

ಇದೆಲ್ಲ ನಮ್ಮ ಸೇವೆಗೆ ತಗಲುವ ರೀತಿಯನ್ನು ಹೇಳದಿದ್ದರೆ ವ್ಯಾಖ್ಯಾನ ಅರ್ಧವಾದೀತು. 2020ರ ಮಾರ್ಚ್ 25ರಂದು ದೇಶವು ಬಾಗಿಲು ಹಾಕಿಕೊಂಡಾಗ, ಏಪ್ರಿಲ್ 12ರ ಪುನರುತ್ಥಾನದ ಹಬ್ಬ ಬರಿದಾದ ದೇವಾಲಯಗಳಲ್ಲಿ ನಡೆಯಿತು. ಮುಂದಿನ ವರ್ಷದ ಎರಡನೆಯ ಅಲೆಯಲ್ಲಿ ನಾಲ್ಕಾರು ಮಂದಿಯನ್ನು ಮಾತ್ರ ಮುಂದಿಟ್ಟುಕೊಂಡು ಸಮಾಧಿಸಂಸ್ಕಾರ ನಡೆಸಿದ ಪಾಲಕರು ನಮ್ಮಲ್ಲಿ ಅನೇಕರಿದ್ದಾರೆ. ಆ ದಿನಗಳು ಮುಗಿದ ಮೇಲೆ ಸಭಾಲೆಕ್ಕ, ಚಂದಾಬಾಕಿ, ಕಟ್ಟಡದ ಸುಣ್ಣಬಣ್ಣ ಎಲ್ಲವೂ ವಿಚಾರಣೆಗೆ ಬಂದವು. ಪಾಲಕನಿಗೆ ರಾತ್ರಿ ನಿದ್ರೆ ಬರುತ್ತಿದೆಯೇ ಎಂದು ಕೇಳಿದವರು ಕಡಿಮೆ. ದೂತನ ಮೊದಲ ವಿಚಾರ ಅದೇ ಆಗಿತ್ತು: ನಿದ್ರೆ, ಊಟ, ನೀರು. ಇವು ಆತ್ಮಿಕ ಆರೈಕೆಗೆ ಪೂರ್ವಸಿದ್ಧತೆಯೆಂದು ತಿಳಿಯುವುದು ತಪ್ಪು. ಈ ಅಧ್ಯಾಯದಲ್ಲಿ ಆತ್ಮಿಕ ಆರೈಕೆಯೇ ಇವುಗಳಿಂದ ಆರಂಭವಾಗುತ್ತದೆ.

ಬದುಕು ಸಾಕೆಂದು ಯಾರಾದರೂ ನಮ್ಮೆದುರು ಬಾಯಿಬಿಟ್ಟರೆ ಅದನ್ನು ಪಾಪವೆಂದು ಖಂಡಿಸಿ ಆ ಬಾಯಿಯನ್ನು ಮುಚ್ಚಿಸಬಾರದು. ದೂತನು ಹಾಗೆ ಮಾಡಲಿಲ್ಲ. ಅಂಥವರನ್ನು ಒಂಟಿಯಾಗಿ ಬಿಡದೆ, ಅಂದಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ವೈದ್ಯರ ಬಳಿಗೆ ಹೋಗುವುದು ಅವಿಶ್ವಾಸವಲ್ಲ, ಕಾದ ಕಲ್ಲಿನ ಮೇಲಿನ ರೊಟ್ಟಿಯನ್ನು ತಿನ್ನುವುದರಂತೆಯೇ. ಪಾಲಕನೇ ಆ ಸ್ಥಿತಿಯಲ್ಲಿದ್ದರೆ ಇದು ಇನ್ನಷ್ಟು ಕಷ್ಟ. ಹಳ್ಳಿಯ ವಠಾರದಲ್ಲಿ ಅವನ ದೌರ್ಬಲ್ಯ ಮರುದಿನವೇ ಸುದ್ದಿಯಾಗುತ್ತದೆ. ಆದ್ದರಿಂದ ನೆರೆಯ ಪಾಲಕರು ತಿಂಗಳಿಗೊಮ್ಮೆಯಾದರೂ ಕೂಡಿ, ವರದಿಗಳನ್ನು ಬದಿಗಿಟ್ಟು ಊಟಮಾಡುವ ರೂಢಿ ಇರುವಲ್ಲಿ ಅದನ್ನು ಉಳಿಸಿಕೊಳ್ಳಬೇಕು, ಇಲ್ಲದಲ್ಲಿ ಆರಂಭಿಸಬೇಕು.

ಎಲೀಷನನ್ನು 'ನಿನಗೆ ಬದಲಾಗಿ' ಅಭಿಷೇಕಿಸು ಎಂಬ ಆಜ್ಞೆಯನ್ನು ಎಲೀಯನ ಪದಚ್ಯುತಿಯೆಂದು ಓದುವ ವ್ಯಾಖ್ಯಾನಕಾರರಿದ್ದಾರೆ. ಯೆಹೂದ್ಯ ಪರಂಪರೆಯಲ್ಲಿಯೂ ಈ ಓದು ಹಳೆಯದು. ನಾವು ಅದನ್ನು ಪೂರ್ತಿಯಾಗಿ ಒಪ್ಪಲಾರೆವು. ನಾಬೋತನ ದ್ರಾಕ್ಷೇತೋಟದಲ್ಲಿ ಅಹಾಬನನ್ನು ಎದುರಿಸಿದವನೂ ಅಹಜ್ಯನಿಗೆ ತೀರ್ಪು ತಿಳಿಸಿದವನೂ ಇದೇ ಎಲೀಯನು, ಹೋರೇಬಿನ ನಂತರವೇ. ಆದರೆ ಆಜ್ಞಾಪಿಸಿದ ಮೂರು ಕೆಲಸಗಳಲ್ಲಿ ಅವನ ಕೈಯಿಂದ ನೇರವಾಗಿ ಆದದ್ದು ಎಲೀಷನ ಕರೆ ಒಂದೇ. ಹಜಾಯೇಲನ ಮತ್ತು ಯೇಹುವಿನ ವಿಷಯವು ಎಲೀಷನ ಕಾಲಕ್ಕೆ ಉಳಿಯಿತು. ಎಲ್ಲವನ್ನೂ ತಾನೇ ಮುಗಿಸಬೇಕಾಗಿಲ್ಲವೆಂಬ ಬಿಡುಗಡೆಯೂ ಆ ಆಜ್ಞೆಯೊಳಗೆ ಇತ್ತು.

ಪರಿಷ್ಕೃತ ಸಾಮಾನ್ಯ ಪಾಠಸೂಚಿಯಲ್ಲಿ ಈ ಅಧ್ಯಾಯವು ಲೂಕನ ವರ್ಷದಲ್ಲಿ ಬರುವಾಗ, ನಿದ್ರೆ ಮತ್ತು ರೊಟ್ಟಿಯ 5-7ನೆಯ ವಚನಗಳನ್ನು ಐಚ್ಛಿಕವಾಗಿ ಆವರಣದಲ್ಲಿಟ್ಟು, 15ನೆಯ ವಚನದ ಮೊದಲರ್ಧಕ್ಕೆ ಪಾಠವನ್ನು ನಿಲ್ಲಿಸಲಾಗಿದೆ. ಊಟವೂ ಹೋಯಿತು, ಎಲೀಷನೂ ಹೋದನು. ಉಳಿದದ್ದು ಬೆಟ್ಟ ಮತ್ತು ಶಬ್ದ. ಆ ಭಾನುವಾರ ಓದುವವರು ಆವರಣವನ್ನು ತೆಗೆದು 21ನೆಯ ವಚನದ ತನಕ ಓದಲಿ. ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು ಬಂದವನಿಗೆ, ಹನ್ನೆರಡು ಜೋಡಿ ಎತ್ತುಗಳ ಉಳುಮೆಯಿಂದ ಎದ್ದುಬಂದ ಒಬ್ಬನು ಸೇವಕನಾದುದರೊಂದಿಗೆ ಅಧ್ಯಾಯ ಮುಗಿಯುತ್ತದೆ. ಎಲೀಯನ ಹಳೆಯ ಅಭ್ಯಾಸವೇನೂ ಬಿಟ್ಟುಹೋಗಲಿಲ್ಲ. ಅರಸುಗಳು ಎರಡನೆಯ ಭಾಗದ 2ನೆಯ ಅಧ್ಯಾಯದಲ್ಲಿ, ತನ್ನ ಕೊನೆಯ ದಿನ, ಅವನು ಎಲೀಷನಿಗೆ ಇಲ್ಲಿಯೇ ನಿಲ್ಲು ಎಂದು ಮೂರು ಸಲ ಹೇಳುತ್ತಾನೆ. ಮೂರು ಸಲವೂ ಎಲೀಷನು ಒಪ್ಪುವುದಿಲ್ಲ, ಮತ್ತು ಅವರಿಬ್ಬರೂ ಕೂಡಿ ಯೊರ್ದನಿನ ತನಕ ನಡೆಯುತ್ತಾರೆ.