ನಿಮಗಿದು ಗೊತ್ತೇ? ಸಿದ್ಧಕಟ್ಟೆಯ ಸುತ್ತಮುತ್ತಲ ರಾಣಿಯರು

● ಸಿದ್ಧಕಟ್ಟೆಯಲ್ಲಿ ಬಸ್ಸು ಹತ್ತಿದರೆ ಒಂದು ಕಡೆ ಮೂಡುಬಿದಿರೆ, ಒಂದು ಕಡೆ ವೇಣೂರು, ಇನ್ನೊಂದು ಕಡೆ ಬಂಟ್ವಾಳ. ಮೂಡುಬಿದಿರೆ, ಪುತ್ತಿಗೆಯಲ್ಲಿ ಚೌಟರು, ವೇಣೂರಿನಲ್ಲಿ ಅಜಿಲರು, ಬಂಗಾಡಿ, ನಂದಾವರದಲ್ಲಿ ಬಂಗರು. ಇಷ್ಟು ಹತ್ತಿರ ಹತ್ತಿರದಲ್ಲೇ ಮೂರು ಜೈನ ಅರಸುಮನೆತನಗಳು ಆಳಿದವು.

● ಈ ಮನೆತನಗಳಲ್ಲಿ ನಡೆದದ್ದು ಅಳಿಯಸಂತಾನ ಕಟ್ಟು. ಅರಸನ ಪಟ್ಟ ಅವನ ಮಗನಿಗಲ್ಲ, ಸಹೋದರಿಯ ಮಗನಿಗೆ. ಅಂದರೆ ಅರಸನ ಹೆಂಡತಿ ಎಷ್ಟು ಗಂಡುಮಕ್ಕಳನ್ನು ಹೆತ್ತರೂ ಗಂಡನ ಗದ್ದುಗೆಗೆ ಅವರು ಬರುವಂತಿರಲಿಲ್ಲ. ಅರಮನೆಯಲ್ಲಿ ನಿಜವಾದ ತೂಕ ಇದ್ದದ್ದು ಅರಸನ ತಾಯಿಗೆ, ಅಕ್ಕತಂಗಿಯರಿಗೆ. ಹೆಂಡತಿಯಾದವಳಿಗೂ ಇನ್ನೊಂದು ಕಡೆ ಅಂಥದೇ ತೂಕ ಇರುತ್ತಿತ್ತು, ಅವಳ ತವರಿನಲ್ಲಿ. ಇಂದಿಗೂ ನಮ್ಮೂರ ಎಷ್ಟೋ ಮನೆಗಳಲ್ಲಿ ಮದುವೆಯ ಮಾತು ಬಂದಾಗ ಮೊದಲು ಕೇಳುವುದು ತಾಯಿಯ ಕಡೆಯಿಂದ ಬಂದ ‘ಬರಿ’ ಯಾವುದೆಂದು.

● ನಂಬಿಕೆ ಬಾರದಿದ್ದರೆ ವೇಣೂರಿಗೆ ಹೋಗಿ. ಫಲ್ಗುಣಿ ನದಿಯ ದಡದಲ್ಲಿ 35 ಅಡಿ ಎತ್ತರದ ಗೊಮ್ಮಟನನ್ನು 1604ರಲ್ಲಿ ನಿಲ್ಲಿಸಿದ ತಿಮ್ಮಣ್ಣ ಅಜಿಲ ಅಲ್ಲಿನ ಶಾಸನದಲ್ಲಿ ತನ್ನನ್ನು ಹೇಗೆ ಪರಿಚಯಿಸಿಕೊಳ್ಳುತ್ತಾನೆ? ರಾಣಿ ಪಾಂಡ್ಯಕದೇವಿಯ ಮಗ, ರಾಯಕುವರನ ಅಳಿಯ, ಪಾಂಡ್ಯರಾಜನ ತಮ್ಮ. ತಾಯಿ ಇದ್ದಾಳೆ, ಮಾವ ಇದ್ದಾನೆ, ಅಣ್ಣ ಇದ್ದಾನೆ. ಅಪ್ಪ?

● ಅದೇ ಗೊಮ್ಮಟನ ಆವರಣದಲ್ಲಿ ಒಂದು ಪುಟ್ಟ ಬಸದಿಯ ಹೆಸರು ಅಕ್ಕಂಗಳ ಬಸದಿ. ಕಟ್ಟಿಸಿದವರು ಅಜಿಲ ಮನೆತನದ ರಾಣಿಯರು ಎನ್ನುತ್ತಾರೆ. ಜನ ಕತ್ತೆತ್ತಿ ಗೊಮ್ಮಟನನ್ನು ನೋಡಿ ಹೊರಡುತ್ತಾರೆ, ಪಕ್ಕಕ್ಕೆ ತಿರುಗುವವರು ಕಡಿಮೆ. 2024ರ ಮಹಾಮಸ್ತಕಾಭಿಷೇಕದ ಗದ್ದಲದಲ್ಲಂತೂ ಕೇಳುವುದೇ ಬೇಡ.

● ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಎದುರಿಗಿರುವ ಏಕಶಿಲೆಯ ಮಾನಸ್ತಂಭ ಸುಮಾರು 50 ಅಡಿ. ಅದನ್ನು ನಿಲ್ಲಿಸಿದವಳು ಕಾರ್ಕಳದ ಭೈರವರಾಜನ ರಾಣಿ ನಾಗಲದೇವಿ. ಬಸದಿಯ ಮುಂದಿನ ಮಂಟಪದ ಹೆಸರೂ ಹೆಣ್ಣಿನದೇ: ಭೈರಾದೇವಿ ಮಂಟಪ.

● 13ನೇ ಶತಮಾನದ ಕೊನೆಗೆ ಬಾರಕೂರಿನಲ್ಲಿ ಆಳುಪ ಅರಸ ವೀರಪಾಂಡ್ಯ ತೀರಿಕೊಂಡಾಗ ಆಡಳಿತ ಕೈಗೆತ್ತಿಕೊಂಡವಳು ಅವನ ರಾಣಿ ಬಲ್ಲಮಹಾದೇವಿ. ಪಶ್ಚಿಮ ಸಮುದ್ರದ ಅಧಿಪತಿ ಎಂಬ ಅರ್ಥದ ಬಿರುದು ಅವಳಿಗಿತ್ತು. ಅದೇ ಕಾಲಕ್ಕೆ ದೂರದ ಡೆನ್ಮಾರ್ಕಿನಲ್ಲಿ ಏನಾಗುತ್ತಿತ್ತು ಗೊತ್ತೇ? 1286ರ ನವೆಂಬರಿನ ಒಂದು ರಾತ್ರಿ ರಾಜ ಐದನೇ ಎರಿಕ್‌ನನ್ನು ಫಿಂಡರುಪ್ ಎಂಬ ಹಳ್ಳಿಯಲ್ಲಿ ಕೊಂದರು. ಮಗನಿಗೆ ಇನ್ನೂ 12 ವರ್ಷ. ರಾಣಿ ಆಗ್ನೆಸ್ ಮಗನ ಪರವಾಗಿ ರಾಜ್ಯ ನಡೆಸಿದಳು. ಅವಳಿಗೆ ಅಧಿಕಾರ ಬಂದದ್ದು ರಾಜನ ವಿಧವೆ, ರಾಜನ ತಾಯಿ ಎಂಬ ನೆಲೆಯಲ್ಲಿ. ಹುಟ್ಟಿದ್ದು ಜರ್ಮನಿಯ ಬ್ರಾಂಡೆನ್‌ಬರ್ಗಿನಲ್ಲಿ, ಆ ತವರಿಗೂ ಡೆನ್ಮಾರ್ಕಿನ ಗದ್ದುಗೆಗೂ ಸಂಬಂಧವಿಲ್ಲ.

● ಆಗ್ನೆಸ್‌ಗೆ ಪೂರಾ ತಿರುಗುಮುರುಗು ನಮ್ಮ ಚಿಕ್ಕಾಯಿತಾಯಿ. ಆಳುಪರ ಮನೆಯ ಹೆಣ್ಣು, ಹೊಯ್ಸಳ ಮೂರನೇ ವೀರಬಲ್ಲಾಳನ ಪಟ್ಟದ ರಾಣಿ. ದೊಡ್ಡ ಸಾಮ್ರಾಜ್ಯದ ರಾಣಿಯಾದರೂ ಆಕೆ ಆಳಿದ್ದು ತನ್ನ ತವರಾದ ಬಾರಕೂರಿನಿಂದ, ಆಳುಪರ ಬಿರುದುಗಳನ್ನು ಹೊತ್ತು. ಮದುರೆಯ ಸುಲ್ತಾನನ ವಿರುದ್ಧದ ಯುದ್ಧದಲ್ಲಿ ಬಲ್ಲಾಳ ಸತ್ತು ಹೊಯ್ಸಳರ ಕಥೆ ಮುಗಿಯುತ್ತ ಬಂದರೂ ಕರಾವಳಿಯಲ್ಲಿ ಆಕೆಯ ಆಡಳಿತ ಇನ್ನೂ ಕೆಲವು ವರ್ಷ ನಡೆದೇ ಇತ್ತು. ನಮ್ಮ ಪಠ್ಯಪುಸ್ತಕಗಳು ಹೊಯ್ಸಳ ರಾಣಿ ಶಾಂತಲೆಗೆ ಕೊಟ್ಟ ಜಾಗದಲ್ಲಿ ಕಾಲುಭಾಗವನ್ನಾದರೂ ಈಕೆಗೆ ಕೊಡಬಹುದಿತ್ತು.

● ಉಳ್ಳಾಲದ ಅಬ್ಬಕ್ಕ ಚೌಟರ ಮನೆಯ ಹೆಣ್ಣು. ಪಟ್ಟ ಬಂದದ್ದು ಸೋದರಮಾವ ತಿರುಮಲರಾಯ ಚೌಟನಿಂದ. ಗಂಡ ಮಂಗಳೂರಿನ ಲಕ್ಷ್ಮಪ್ಪ ಬಂಗರಸ. ಆಕೆ ಉಳ್ಳಾಲದಲ್ಲಿ, ಅವನು ಹೊಳೆಯಾಚೆ ತನ್ನ ಸೀಮೆಯಲ್ಲಿ. ಅವನ ರಾಣಿಯಾಗಿ ಅವಳಿಗೆ ಇದ್ದ ಹೆಸರು ಅಷ್ಟಕ್ಕಷ್ಟೇ. ದಂಪತಿಗೆ ಸರಿಬರಲಿಲ್ಲ ಎಂಬುದು ಊರಿಗೆಲ್ಲ ತಿಳಿದ ಕಥೆ. ಪೋರ್ಚುಗೀಸರಿಗೆ ಕಪ್ಪ ಕೊಡಲೊಲ್ಲದ ಅಬ್ಬಕ್ಕನ ಕಾಲದಲ್ಲಿ ಉಳ್ಳಾಲ ಮತ್ತೆ ಮತ್ತೆ ದಾಳಿಗೆ ತುತ್ತಾಯಿತು.

● ಅಬ್ಬಕ್ಕ ಒಬ್ಬಳೇ ಅಲ್ಲ! ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಕಂಡ ಉಳ್ಳಾಲದ ರಾಣಿ 1550ರ ದಶಕದ ಅಬ್ಬಕ್ಕನಾಗಿರಲು ಸಾಧ್ಯವಿಲ್ಲ ಎಂದು ಇತಿಹಾಸಕಾರರು ಹೇಳುತ್ತಾರೆ. ಮನೆತನದ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಮರಳುತ್ತಿದ್ದವು. ಹಾಡುಕಥೆಗಳಲ್ಲಿ ಅವರೆಲ್ಲ ಸೇರಿ ಒಬ್ಬಳಾಗಿದ್ದಾರೆ.

● ಆ ದೆಲ್ಲಾ ವಾಲೆ ಬರೆದಿಟ್ಟದ್ದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ರಾಣಿಯನ್ನು ನೋಡಲೆಂದೇ ಅವನು ಮಣೇಲು ಎಂಬ ಊರಿಗೆ ಬಂದ. ಸಿಂಹಾಸನ, ಪಲ್ಲಕ್ಕಿ ಏನೂ ಇಲ್ಲ. ಪೇಟೆಬೀದಿಯಲ್ಲಿ ಬರಿಗಾಲಲ್ಲಿ ನಡೆದು ಬರುತ್ತಿದ್ದಾಳೆ, ಜೊತೆಗೆ ಕೆಲವೇ ಆಳುಗಳು, ತಲೆಯ ಮೇಲೆ ತಾಳೆಗರಿಯ ಕೊಡೆ. ಎಲ್ಲಿಗೆಂದರೆ ತಾನು ತೋಡಿಸುತ್ತಿದ್ದ ಕಾಲುವೆ ನೋಡಲಿಕ್ಕೆ. ನೋಟಕ್ಕೆ ರಾಣಿಯೆನಿಸಲಿಲ್ಲ, ಮಾತಿಗೆ ನಿಂತಾಗ ರಾಣಿಯೆನಿಸಿದಳು ಎಂಬ ಧಾಟಿಯಲ್ಲಿ ಬರೆಯುತ್ತಾನೆ. ಗಂಡನಾದ ಬಂಗರಸನೊಂದಿಗೆ ಜಗಳವಾದಾಗ ಅವನು ಕೊಟ್ಟ ಒಡವೆಗಳನ್ನೆಲ್ಲ ಹಿಂದಕ್ಕೆ ಕಳಿಸಿದಳಂತೆ. ಅಲ್ಲಿಗೆ ಮದುವೆ ಮುಗಿಯಿತು! ಸಿಟ್ಟಾದ ಗಂಡ, ಅವಳು ದೋಣಿಯಲ್ಲಿ ಹೋಗುವಾಗ ಹಿಡಿಸಿದ. ಮಾತಿನಲ್ಲೇ ಅವನನ್ನು ಒಲಿಸಿ ಬಿಡಿಸಿಕೊಂಡು ಬಂದವಳು ಕೂಡಲೇ ದಂಡು ಕಟ್ಟಿದಳು. ಬಂಗರಸನ ಬೆನ್ನಿಗೆ ಪೋರ್ಚುಗೀಸರು, ಅವಳ ಬೆನ್ನಿಗೆ ಇಕ್ಕೇರಿಯ ವೆಂಕಟಪ್ಪ ನಾಯಕ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದವರು ಉಳ್ಳಾಲದ ಕಡೆ ಬಂದಿರಲಿಕ್ಕಿಲ್ಲ. ಕುದುರೆ ಮೇಲೆ ಕತ್ತಿ ಹಿಡಿದ ಅಬ್ಬಕ್ಕನ ಪ್ರತಿಮೆಗಳು ಇರಲಿ, ಗರಿಕೊಡೆಯಡಿ ಕಾಲುವೆ ಕೆಲಸ ನೋಡುವ ಅಬ್ಬಕ್ಕನದೂ ಒಂದು ಬೇಕಿತ್ತು.

● ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಹೆಣೆದುಕೊಂಡು ಆನೆಯಾಗಿದ್ದಾರೆ (ನವನಾರೀ ಕುಂಜರ), ಐವರು ಕುದುರೆಯಾಗಿದ್ದಾರೆ (ಪಂಚನಾರೀ ತುರಗ). ಹೆಣ್ಣಿನ ಕಡೆಯಿಂದ ಪಟ್ಟ ನಡೆಯುವ ಮನೆಗೆ ಒಪ್ಪುವ ಕೆತ್ತನೆ ಎಂದು ನನಗನ್ನಿಸುತ್ತದೆ. ಕೆತ್ತಿದವರ ಮನಸ್ಸಿನಲ್ಲಿ ಅದು ಇರಬೇಕೆಂದೇನೂ ಇಲ್ಲ, ಈ ಶಿಲ್ಪ ಬೇರೆ ಕಡೆಗಳಲ್ಲೂ ಉಂಟು.

● ಅಬ್ಬಕ್ಕನ ಹೆಸರಲ್ಲಿ 2003ರಲ್ಲಿ ವಿಶೇಷ ಅಂಚೆ ಲಕೋಟೆ ಬಂತು. 2012ರಲ್ಲಿ ಕರಾವಳಿ ರಕ್ಷಣಾ ಪಡೆಯ ಗಸ್ತು ಹಡಗೊಂದು ‘ರಾಣಿ ಅಬ್ಬಕ್ಕ’ ಎಂಬ ಹೆಸರು ಹೊತ್ತು ಸೇವೆಗೆ ಸೇರಿತು. ಬಂಟ್ವಾಳದಲ್ಲಿ ಆಕೆಯ ಹೆಸರಿನ ತುಳು ಅಧ್ಯಯನ ಕೇಂದ್ರವಿದೆ, ಜೊತೆಗೆ ತುಳುವರ ಮನೆಬಳಕೆಯ ಹಳೆಯ ವಸ್ತುಗಳ ಸಂಗ್ರಹವೂ ಇದೆ. ನಾಗಲದೇವಿಗೆ, ಚಿಕ್ಕಾಯಿತಾಯಿಗೆ ಹಡಗು ಯಾವಾಗ?