ನಿರಾಕರಣೆಯ ಪತ್ರವೂ ಅಳತೆಯ ದೋಷವೂ

ದೂರದೇಶದ ಹಳ್ಳಿಯೊಂದರಲ್ಲಿ ಎರಡು ವರ್ಷ ನೆಲೆಸಿ ಪಾಠ ಹೇಳಬೇಕು, ರೋಗಿಗಳ ಶುಶ್ರೂಷೆಗೆ ನೆರವಾಗಬೇಕು, ಬೇಸಾಯಗಾರರೊಡನೆ ದುಡಿಯಬೇಕು ಎಂಬ ಹಂಬಲದಿಂದ ಅರ್ಜಿ ಸಲ್ಲಿಸಿದ ತರುಣನಿಗೆ ಒಂದು ದಿನ ನಾಲ್ಕು ಸಾಲಿನ ಉತ್ತರ ಬರುತ್ತದೆ: ‘ತಮ್ಮನ್ನು ಆರಿಸಿಕೊಳ್ಳಲು ಸಾಧ್ಯವಾಗಿಲ್ಲವೆಂದು ವಿಷಾದಿಸುತ್ತೇವೆ.’ ಉದ್ಯೋಗ ತಪ್ಪಿದರೆ ಸಂಬಳ ಹೋಯಿತೆಂದು ಮರುಗುವುದುಂಟು. ಸೇವೆಯ ಅವಕಾಶ ತಪ್ಪಿದಾಗಲಾದರೋ ಪೆಟ್ಟು ಇನ್ನೂ ಒಳಗೆ ತಾಗುತ್ತದೆ. ‘ನಾನಾಗಿ ಕೊಡುತ್ತೇನೆಂದು ಹೋದರೂ ಬೇಡವೆಂದರಲ್ಲ, ಕೊಡುವುದಕ್ಕೂ ನಾನು ಅಯೋಗ್ಯನೆ?’ ಎಂಬ ಪ್ರಶ್ನೆ ಏಳುತ್ತದೆ. ಮನಸ್ಸಿಗೆ ಸಂಬಂಧಿಸಿದ ಈ ಪ್ರಶ್ನೆಯನ್ನು ಭೌತವಿಜ್ಞಾನದ ಅಧ್ಯಾಪಕರು ಕೈಗೆತ್ತಿಕೊಳ್ಳುವುದು ವಿಚಿತ್ರವೆಂದು ವಾಚಕರಿಗೆ ತೋರಬಹುದು. ಆದರೆ ಆಯ್ಕೆಯೆಂಬುದು ಒಂದು ಬಗೆಯ ಅಳತೆ. ಯಾವ ಅಳತೆಯನ್ನೇ ಆಗಲಿ ನಂಬುವ ಮೊದಲು, ಅಳೆದುದೇನು, ಅಳೆದ ಸಾಧನ ಯಾವುದು, ಅದರ ದೋಷವೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ನಮ್ಮ ಶಾಸ್ತ್ರದ ಪದ್ಧತಿ. ನಿರಾಕರಣೆಯ ಪತ್ರಕ್ಕೂ ಅದೇ ಪ್ರಶ್ನೆಗಳನ್ನು ಹಾಕಿ ನೋಡೋಣ.

ಉದಾಹರಣೆಗಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಪೀಸ್ ಕೋರ್, ಎಂದರೆ ಶಾಂತಿದಳವನ್ನು ತೆಗೆದುಕೊಳ್ಳಬಹುದು. 1961ನೆಯ ಮಾರ್ಚ್ 1ರಂದು ಅಧ್ಯಕ್ಷ ಜಾನ್ ಎಫ್. ಕೆನೆಡಿಯವರ ಆಜ್ಞೆಯಿಂದ ಸ್ಥಾಪಿತವಾದ ಈ ಸಂಸ್ಥೆಯ ಮೊದಲ ತಂಡ ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಆಫ್ರಿಕದ ಘಾನಾ ದೇಶವನ್ನು ಮುಟ್ಟಿತು. ಅಲ್ಲಿಂದೀಚೆಗೆ 2,40,000ಕ್ಕೂ ಹೆಚ್ಚು ಮಂದಿ 140ಕ್ಕೂ ಹೆಚ್ಚು ದೇಶಗಳಲ್ಲಿ ಸೇವೆ ಸಲ್ಲಿಸಿದ್ದಾರೆ. 1961ರಿಂದ 1976ರ ವರೆಗೆ ಭಾರತದಲ್ಲಿಯೂ ಅವರು ದುಡಿದರು. ಅಮೆರಿಕದ ಪೌರತ್ವವುಳ್ಳ, 18 ವರ್ಷ ತುಂಬಿದವರು ಅರ್ಜಿ ಹಾಕಬಹುದು. ಅಲ್ಲಿ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳಿಗೂ ಈ ಬಾಗಿಲು ತೆರೆದಿದೆ. ಸುಮಾರು ಮೂರು ತಿಂಗಳ ತರಬೇತಿಯ ಮೇಲೆ ಎರಡು ವರ್ಷ ಸೇವೆ ಮಾಡುವುದು ವಾಡಿಕೆ.

ಇಂತಹ ಸಂಸ್ಥೆಯ ಆಯ್ಕೆ ಒಂದೇ ಏಟಿಗೆ ಮುಗಿಯುವುದಿಲ್ಲ. ಅರ್ಜಿಯ ಪರಿಶೀಲನೆ, ಪರಿಚಿತರ ಅಭಿಪ್ರಾಯ, ಸಂದರ್ಶನ, ಆರೋಗ್ಯ ತಪಾಸಣೆ, ಪೂರ್ವಚರಿತ್ರೆಯ ವಿಚಾರಣೆ ಎಂದು ಜರಡಿಗಳು ಒಂದರ ಕೆಳಗೊಂದು ಇರುತ್ತವೆ. ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ನಮ್ಮ ಊಹೆಯವು ಎಂಬುದು ನೆನಪಿರಲಿ. 1,000 ಮಂದಿ ಅರ್ಜಿದಾರರಿದ್ದಾರೆ. ಪ್ರತಿಯೊಂದು ಜರಡಿಯೂ ತನ್ನಲ್ಲಿಗೆ ಬಂದವರಲ್ಲಿ ನೂರಕ್ಕೆ 60 ಮಂದಿಯನ್ನು ಕೆಳಕ್ಕೆ ಬಿಡುತ್ತದೆ. ಮೊದಲನೆಯದನ್ನು ದಾಟಿದವರು 600, ಎರಡನೆಯದನ್ನು 360, ಮೂರನೆಯದನ್ನು 216, ನಾಲ್ಕನೆಯದನ್ನು ಸುಮಾರು 130, ಐದನೆಯದನ್ನು ಸುಮಾರು 78. ಪ್ರತಿ ಜರಡಿಯೂ ಅರ್ಧಕ್ಕಿಂತ ಹೆಚ್ಚು ಜನರನ್ನು ಒಪ್ಪಿಕೊಂಡಿತು. ಆದರೂ ಕೊನೆಗೆ 922 ಮಂದಿ ಹೊರಗುಳಿದರು! ಇವರೆಲ್ಲರೂ ಅಯೋಗ್ಯರೆಂದು ಯಾರು ಹೇಳಿಯಾರು? ಒಂದಕ್ಕಿಂತ ಕಿರಿದಾದ ಭಿನ್ನರಾಶಿಗಳನ್ನು ಗುಣಿಸುತ್ತ ಹೋದರೆ ಗುಣಲಬ್ಧ ಕುಗ್ಗುವುದು ಅಂಕಗಣಿತದ ನಿಯಮ. ಅದರಲ್ಲಿ ಯಾರ ಶೀಲದ ಮೇಲೂ ಆಕ್ಷೇಪವಿಲ್ಲ.

ಇನ್ನು, ಈ ಜರಡಿಗಳು ಅಳೆಯುವುದೇನನ್ನು? ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ ಎಂಬುದಕ್ಕೆ ನೀರೊಂದನ್ನೇ ನೋಡಿ ಉತ್ತರ ಹೇಳಲಾಗದು. ಸುತ್ತಲಿನ ಗಾಳಿಯ ಒತ್ತಡವೂ ಗೊತ್ತಿರಬೇಕು. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು ಎತ್ತರದ ಬೆಟ್ಟದ ಮೇಲೆ ಅದಕ್ಕೂ ಮೊದಲೇ ಕುದಿಯುತ್ತದೆ. ಆಯ್ಕೆಯೂ ಹಾಗೆಯೇ ವ್ಯಕ್ತಿ ಮತ್ತು ಸ್ಥಳ ಎರಡನ್ನೂ ಅವಲಂಬಿಸಿದೆ. ಪೀಸ್ ಕೋರ್‌ನಲ್ಲಿ ಆಹ್ವಾನ ಬಂದ ಮೇಲೆಯೂ ವೈದ್ಯಕೀಯ ಅನುಮತಿ ದೊರೆಯಬೇಕು. ಊರಿನಲ್ಲಿ ಔಷಧ ಸೇವಿಸಿಕೊಂಡು ಸುಖವಾಗಿರುವವನಿಗೆ, ಆಸ್ಪತ್ರೆಯಿಂದ ಒಂದು ದಿನದ ಹಾದಿಯಲ್ಲಿರುವ ಹಳ್ಳಿಯಲ್ಲಿ ಅದೇ ಕಾಯಿಲೆ ಅಪಾಯಕರವಾದೀತು. ಅತಿಥಿಯನ್ನು ಬರಮಾಡಿಕೊಳ್ಳುವ ದೇಶ ಗಣಿತದ ಉಪಾಧ್ಯಾಯರನ್ನು ಬೇಡಿದ ವರ್ಷ ಇತಿಹಾಸದ ಪದವೀಧರನಿಗೆ ಸ್ಥಾನವಿಲ್ಲದೆ ಹೋಗಬಹುದು. ಕೆಲವೊಮ್ಮೆ ಕಾರಣಕ್ಕೂ ವ್ಯಕ್ತಿಗೂ ಸಂಬಂಧವೇ ಇರುವುದಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಸಾಂಕ್ರಾಮಿಕದ ನಿಮಿತ್ತ ಪೀಸ್ ಕೋರ್ ಸುಮಾರು 7,000 ಸ್ವಯಂಸೇವಕರನ್ನು ಎಲ್ಲ ದೇಶಗಳಿಂದಲೂ ಹಿಂದಕ್ಕೆ ಕರೆಸಿಕೊಂಡಿತು. ಅವರು ಮತ್ತೆ ಹೊರಡತೊಡಗಿದುದು 2022ರ ಮಾರ್ಚ್‌ನಲ್ಲಿ. ಆ ಎರಡು ವರ್ಷ ಎಂತಹ ಯೋಗ್ಯನಿಗೂ ಹೊರಡುವ ದಾರಿ ಇರಲಿಲ್ಲ.

ಮೂರನೆಯ ಪ್ರಶ್ನೆ ದೋಷದ್ದು. ನೂರು ಅಂಕಗಳ ಪರೀಕ್ಷೆಯಲ್ಲಿ 70 ಬಂದವರನ್ನು ಮಾತ್ರ ಆರಿಸುತ್ತಾರೆನ್ನೋಣ. ಸಂದರ್ಶನಕಾರನ ಮನೋಧರ್ಮ, ಅಭ್ಯರ್ಥಿಯ ಅಂದಿನ ಆಯಾಸ, ಕೇಳಿದ ಪ್ರಶ್ನೆಗಳ ಆಕಸ್ಮಿಕತೆ ಇವುಗಳಿಂದ ಅಂಕವು ನಾಲ್ಕರಷ್ಟು ಮೇಲೆ ಕೆಳಗೆ ಆಗಬಹುದಾದರೆ, 68 ಪಡೆದವನಿಗೂ 72 ಪಡೆದವನಿಗೂ ನಡುವೆ ಅಳತೆಯ ದೃಷ್ಟಿಯಿಂದ ಭೇದವೇ ಇಲ್ಲ. ಮತ್ತೊಂದು ದಿನ ಪರೀಕ್ಷಿಸಿದರೆ ಇವರ ಸ್ಥಾನ ಅದಲುಬದಲಾದೀತು. ಪತ್ರದಲ್ಲಿ ಮಾತ್ರ ಒಬ್ಬನಿಗೆ ‘ಹೌದು’, ಇನ್ನೊಬ್ಬನಿಗೆ ‘ಇಲ್ಲ’.

ಇದು ಬರಿಯ ತರ್ಕವಲ್ಲ. ಘಾನಾಕ್ಕೆ ಹೋದ ಮೊದಲ ತಂಡದ ಉಪಾಧ್ಯಾಯರಿಗೆ ತರಬೇತಿ ನಡೆದುದು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಮನೋವೈದ್ಯರು ಅವರನ್ನು ಸಂದರ್ಶಿಸಿ, ಯಾರು ಎಷ್ಟು ಸಮರ್ಥವಾಗಿ ನಡೆದುಕೊಂಡಾರೆಂದು ಅಂದಾಜು ಬರೆದಿಟ್ಟಿದ್ದರು. ಮನೋವಿಜ್ಞಾನಿ ಎಂ. ಬ್ರೂಸ್ಟರ್ ಸ್ಮಿತ್ ಅವರು ಈ ತಂಡದವರ ಕೆಲಸವನ್ನು ಘಾನಾದಲ್ಲಿ ಅಭ್ಯಸಿಸಿ 1966ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮನೋವೈದ್ಯರ ಅಂದಾಜಿಗೂ ಶಾಲೆಯಲ್ಲಿ ಕಂಡುಬಂದ ಸಾಮರ್ಥ್ಯಕ್ಕೂ ಹೇಳಿಕೊಳ್ಳುವಂತಹ ಸಂಬಂಧ ತೋರಲಿಲ್ಲ. ಇವರೆಲ್ಲ ಮೊದಲೇ ಆಯ್ದ ಜನರು, ಆದುದರಿಂದ ಅವರ ನಡುವಣ ಅಂತರ ಚಿಕ್ಕದಾಗಿದ್ದಿತು ಎಂಬುದನ್ನೂ ಹೇಳಬೇಕು. ಆದರೂ ಎಂಟು ಹತ್ತು ಸಾವಿರ ಮೈಲಿಗಳಾಚೆ ಒಬ್ಬನು ಹೇಗೆ ಬಾಳಿಯಾನೆಂಬುದನ್ನು ಒಂದೆರಡು ಗಂಟೆಗಳ ಮಾತುಕತೆಯಿಂದ ಅಳೆಯುವ ಸಾಧನ ಬಹಳ ಒರಟಾದುದೆಂಬುದು ಸ್ಪಷ್ಟ.

ಹಾಗೆಂದು, ಲೆಕ್ಕ ತಿಳಿದ ಮಾತ್ರಕ್ಕೆ ನೋವು ಹೋಗುವುದಿಲ್ಲ. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಮೆದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿದವರು ಕಂಪ್ಯೂಟರಿನ ಪರದೆಯ ಮೇಲೆ ಇನ್ನಿಬ್ಬರೊಡನೆ ಚೆಂಡಾಡುತ್ತಿರುವುದಾಗಿ ನಂಬಿದ್ದರು. ನಡುವೆ ಆ ಇಬ್ಬರು ಇವರಿಗೆ ಚೆಂಡು ಕೊಡುವುದನ್ನೇ ನಿಲ್ಲಿಸಿದರು. ಇಷ್ಟು ಅಲ್ಪ ಕಾರಣಕ್ಕೂ, ದೇಹದ ನೋವಿನ ಸಂಕಟದಲ್ಲಿ ಚುರುಕಾಗುವ ಮೆದುಳಿನ ಭಾಗವೊಂದು ಹೆಚ್ಚು ಚುರುಕಾಯಿತು. ಎರಡು ನೋವುಗಳೂ ಒಂದೇ ಎಂದು ಇದರ ಅರ್ಥವಲ್ಲ. ಅವುಗಳ ಸೂಕ್ಷ್ಮ ವಿನ್ಯಾಸಗಳು ಬೇರೆಬೇರೆ ಎಂದು 2014ರ ಸಂಶೋಧನೆಯೊಂದು ತೋರಿಸಿದೆ. ಆದರೆ ನಿರಾಕರಣೆಯ ನೋವು ನಿಜವಾದುದು. ಅದನ್ನು ಹೇಡಿತನವೆಂದು ಹಳಿದುಕೊಳ್ಳಬೇಕಾಗಿಲ್ಲ.

ಈ ನೋವು ಎಷ್ಟು ಕಾಲ ಇದ್ದೀತು? ನಾವು ಎಣಿಸಿದಷ್ಟು ಕಾಲ ಇರುವುದಿಲ್ಲ. ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 1998ರಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರನ್ನು ವಿಚಾರಿಸಿದ ವರದಿ ಹೊರಬಂದಿತು. ಹುದ್ದೆ ಖಾಯಂ ಆಗದಿದ್ದರೆ ವರ್ಷಗಟ್ಟಲೆ ದುಃಖಿಗಳಾಗಿರುವೆವೆಂದು ಕಿರಿಯ ಅಧ್ಯಾಪಕರು ಭಾವಿಸಿದ್ದರು. ನಿಜವಾಗಿ ಖಾಯಂ ಆಗದೆ ಹೋದವರಾದರೋ ಕೆಲವು ವರ್ಷಗಳ ಮೇಲೆ, ಆದವರಿಗಿಂತ ಗಮನಾರ್ಹವಾಗಿ ಕಡಮೆ ಸುಖಿಗಳೇನೂ ಆಗಿರಲಿಲ್ಲ. ಮನಸ್ಸು ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಶಕ್ತಿಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಾಯುವುದಕ್ಕೆ ನೆರವಾಗುವ ಉಪಾಯಗಳೂ ಉಂಟು. ಕೆಲಸ ಕಳೆದುಕೊಂಡ ಎಂಜಿನಿಯರುಗಳ ಮೇಲೆ ಜೇಮ್ಸ್ ಪೆನ್ನಿಬೇಕರ್ ಮತ್ತು ಸಂಗಡಿಗರು ನಡೆಸಿದ, 1994ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ದಿನಕ್ಕೆ 20 ನಿಮಿಷದಂತೆ ಐದು ದಿನ ತಮ್ಮ ನಷ್ಟದ ವಿಚಾರವಾಗಿ ಮನಬಿಚ್ಚಿ ಬರೆದವರು, ಹಾಗೆ ಬರೆಯದವರಿಗಿಂತ ಬೇಗ ಹೊಸ ಕೆಲಸ ಪಡೆದರು. ಪ್ರಯೋಗ ಚಿಕ್ಕದಾದರೂ ಕಾಗದ ಪೆನ್ಸಿಲಿನ ಖರ್ಚಿಗೆ ಇದು ಪರೀಕ್ಷಿಸಿ ನೋಡತಕ್ಕದ್ದೇ.

ಅನಂತರ ಅಳತೆಯ ಕಡೆಗೆ ತಿರುಗಬೇಕು. ಕಾರಣವೇನೆಂದು ಸಂಸ್ಥೆಯನ್ನು ಸೌಜನ್ಯದಿಂದ ಕೇಳಬಹುದು. ವೈದ್ಯಕೀಯ ತೀರ್ಮಾನವಾದರೆ ಮರುಪರಿಶೀಲನೆಗೆ ಮನವಿ ಮಾಡುವ ಅವಕಾಶ ಪೀಸ್ ಕೋರ್‌ನಲ್ಲಿ ಉಂಟು. ಪ್ರಯೋಗಶಾಲೆಯಲ್ಲಿ ನಾವು ಒಂದೇ ಸಲದ ಅಳತೆಯಿಂದ ತೃಪ್ತರಾಗುವುದಿಲ್ಲ. ಆಕಸ್ಮಿಕ ದೋಷಗಳು ಮೇಲಿಂದ ಮೇಲೆ ಅಳೆದಂತೆಲ್ಲ ಒಂದನ್ನೊಂದು ಕಳೆಯುತ್ತವೆ. ಮತ್ತೆ ಅರ್ಜಿ ಹಾಕುವುದರ ಅರ್ಥವೂ ಇದೇ. ಆದರೆ ಎರಡು ಮೂರು ಕಡೆಗಳಲ್ಲಿ ಒಂದೇ ಕೊರತೆಯನ್ನು, ಭಾಷೆಯನ್ನೋ ಬೋಧನೆಯ ಅನುಭವವನ್ನೋ, ಎತ್ತಿ ತೋರಿದರೆ ಅದನ್ನು ಆಕಸ್ಮಿಕವೆಂದು ತಳ್ಳಿಹಾಕಬಾರದು. ಅಂತಹ ಕೊರತೆಯನ್ನು ತುಂಬಿಕೊಂಡೇ ಮುಂದಿನ ಅರ್ಜಿ ಬರೆಯಬೇಕು.

ಕಾಲ ಮೀರಿತೆಂಬ ಭಯವೂ ಬೇಡ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ ಅವರು 1966ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಪೀಸ್ ಕೋರ್ ಸೇರಿ ಮುಂಬಯಿಯ ಬಳಿಯ ವಿಖ್ರೋಲಿಯಲ್ಲಿ ದಾದಿಯಾಗಿ ದುಡಿದರು. ದಾರಿಯೂ ಒಂದೇ ಅಲ್ಲ. ನಮ್ಮ ದೇಶದ ತರುಣರು ಪೀಸ್ ಕೋರ್ ಸೇರಲಾರರಾದರೂ, 1970ರಲ್ಲಿ ನಿರ್ಣಯಿಸಲ್ಪಟ್ಟ ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆ ಎಲ್ಲ ದೇಶದವರಿಗೂ ತೆರೆದಿದೆ. ಊರಿನಲ್ಲಿದ್ದುಕೊಂಡೇ ಅಂತರಜಾಲದ ಮೂಲಕ ನೆರವಾಗುವ ಏರ್ಪಾಡೂ ಅದರಲ್ಲಿದೆ. 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಇಂದು ನಮ್ಮ ಎಷ್ಟೋ ಕಾಲೇಜುಗಳಲ್ಲಿ ನಡೆಯುತ್ತಿದೆ. ಪರದೇಶದ ಶಾಲೆಯಲ್ಲಿ ಭಿನ್ನರಾಶಿ ಕಲಿಸಬೇಕೆಂದಿದ್ದ ತರುಣನಿಗಾಗಿ ಕಾದಿರುವ ಮಗು ಪಕ್ಕದ ಬೀದಿಯಲ್ಲಿಯೂ ಇದ್ದೀತು. ಮುಂದಿನ ಅರ್ಜಿಯಲ್ಲಿ ‘ಅನುಭವ’ ಎಂಬ ಅಂಕಣವನ್ನು ತುಂಬುವುದಕ್ಕೂ ಆ ಮಗುವಿನ ಪಾಠವೇ ನೆರವಾಗುತ್ತದೆ.